ಭೀಮೆ ದಾಟಿದ ತಕರಾರು

ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ ನಾನು ಮತ್ತು ನನ್ನ ಅಕ್ಕ ಸುಗುಣಾ ಕಲಬುರಗಿಯಲ್ಲಿ ಆಳಂದದ ಬಸ್ಸು ಹತ್ತಿದೆವು. ಅವಳ ಹತ್ತಿರ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ನನ್ನ ಹತ್ತಿರ ಎರಡು ಅಂಗಿ ತುರುಕಿದ ಚೀಲ. ಅವಳು ತಿರುಗಿ ಬರದ ಲೆಕ್ಕದಲ್ಲಿ ಹೊರಟಿದ್ದಳು, ನಾನು ಅವಳನ್ನು ತಿರುಗಿ ಕರೆತರುವ ಲೆಕ್ಕದಲ್ಲಿ. ಹೊರಡುವಾಗ ಮನೆಯ ಬಾಗಿಲ ತನಕ ಬಂದ ಅವ್ವ ಅವಳಿಗೆ ಏನೂ ಹೇಳಲಿಲ್ಲ. ನನ್ನ ತೋಳು ಹಿಡಿದು, ‘ನೀ ಏನರೇ ಮಾತಾಡು, ಹೆಂಗರೇ ಮಾತಾಡು. ಆಕಿನ್ನ ಕರಕೊಂಡೇ ಬಾ’ ಎಂದಳು.

ಅಕ್ಕ ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸಾಗಿದ್ದಳು. ಆ ಕೆಲಸ ಬಿಟ್ಟು, ಜೇವರ್ಗಿ ತಾಲ್ಲೂಕಿನಲ್ಲಿ ಭೀಮಾ ದಂಡೆಯ ಒಂದು ಹಳ್ಳಿಯ ಸಣ್ಣ ಕ್ರೈಸ್ತ ಸಭೆಗೆ ಸೇವಕಿಯಾಗಿ ಹೋಗುತ್ತೇನೆಂದು ಹಟ ಹಿಡಿದಿದ್ದಳು. ಸಂಬಳ ಇಲ್ಲ. ಇರಲು ಒಂದು ಕೋಣೆ, ತಿನ್ನಲು ಸಭೆಯವರು ಕೊಟ್ಟ ರೊಟ್ಟಿ. ಮಕ್ಕಳಿಗೆ ಓದಿಸುವುದು, ಬಾಣಂತಿಯರನ್ನು ನೋಡಿಕೊಳ್ಳುವುದು, ಪ್ರಾರ್ಥನೆ ನಡೆಸುವುದು ಕೆಲಸ. ದೇವರ ರಾಜ್ಯ ಹತ್ತಿರ ಬಂದಿದೆ, ಅದರ ಕೆಲಸಕ್ಕೆ ತನಗೆ ಕರೆ ಬಂದಿದೆ ಎನ್ನುತ್ತಿದ್ದಳು. ‘ಯಾವ ನಂಬರಿನಿಂದ ಬಂತು?’ ಎಂದು ಕೇಳುವವನು ನಾನು. ನಮ್ಮದು ಅಜ್ಜನ ಕಾಲದಿಂದ ಚರ್ಚಿಗೆ ಹೋಗುವ ಮನೆ. ಪಿಯುಸಿ ಮುಗಿಯುವ ಹೊತ್ತಿಗೆ ನಾನು ಹೋಗುವುದು ಬಿಟ್ಟೆ. ಈಗ ಕಾನೂನು ಓದುತ್ತೇನೆ. ಚರ್ಚಾ ಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳನ್ನು ಅವ್ವ ಟಿವಿಯ ಪಕ್ಕ ಸಾಲಾಗಿ ಇಟ್ಟಿದ್ದಾಳೆ. ಆ ಸಾಲಿನ ಮೇಲಿನ ಭರವಸೆಯಿಂದಲೇ ನನ್ನನ್ನು ಕಳಿಸಿದ್ದು.

ಮಾತಿಗೆ ಅವಕಾಶವೂ ಇತ್ತು. ಮದುವೆಗೆ ಮುಂಚೆ ಚರ್ಚಿನಲ್ಲಿ ಮೂರು ಸಲ ಹೆಸರು ಓದಿ, ಯಾರದಾದರೂ ತಕರಾರು ಇದೆಯೇ ಎಂದು ಕೇಳುವುದು ಕ್ರೈಸ್ತರಲ್ಲಿ ಹಳೆಯ ಪದ್ಧತಿ. ಅಕ್ಕನನ್ನು ಸೇರಿಸಿಕೊಳ್ಳಲಿದ್ದ ಪಾಸ್ಟರ್ ಸಮುವೇಲಪ್ಪ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಒಂದೊಂದರಂತೆ ಮೂರು ಸಭೆ ನೋಡಿಕೊಳ್ಳುತ್ತಾರೆ. ಅವರಲ್ಲಿ ಸೇವೆಗೆ ಬರುವವರಿಗೂ ಇದೇ ಪದ್ಧತಿ. ಮೂರು ಸಭೆಯಲ್ಲೂ ಒಂದೊಂದು ಸಲ ಕೇಳುತ್ತಾರೆ. ತಕರಾರನ್ನು ಯಾರು ಬೇಕಾದರೂ ಎತ್ತಬಹುದು, ನಂಬದವನು ಕೂಡ. ಸೇವೆಗೆ ನಿಂತವರು ಆಗ ಬಾಯಿ ಬಿಡುವಂತಿಲ್ಲ, ಜವಾಬು ಕೊಡಬೇಕಾದವರು ಸಭೆಯ ಜನ. ಜವಾಬು ಸರಿಹೋಯಿತೋ ಇಲ್ಲವೋ ಎಂದು ಕೈ ಎತ್ತಿ ತೀರ್ಮಾನಿಸುವವರೂ ಅವರೇ. ಮೂರೂ ಕಡೆ ದಾಟಿದರೆ ಕೊನೆಯ ಊರಿನಲ್ಲಿ ತಲೆಯ ಮೇಲೆ ಕೈ ಇಟ್ಟು ಸೇವೆಗೆ ಒಪ್ಪಿಸುತ್ತಾರೆ. ಕಕ್ಷಿದಾರನೇ ನ್ಯಾಯಾಧೀಶನಾಗುವ ಕೋರ್ಟು. ಗೊತ್ತಿದ್ದೂ ಹೊರಟೆ, ಏಕೆಂದರೆ ಬೇರೆ ಕೋರ್ಟು ಇರಲಿಲ್ಲ. ಮೂರು ಊರಿಗೆ ಮೂರು ತಕರಾರು ತಯಾರು ಮಾಡಿಕೊಂಡಿದ್ದೆ.

ಬಸ್ಸಿನಲ್ಲಿ ಅಕ್ಕನಿಗೆ ಹೆಂಗಸರ ಉಚಿತ ಟಿಕೆಟ್ಟು, ನನಗೆ ದುಡ್ಡಿನದು. ಟ್ರಂಕಿನ ಬಗ್ಗೆ ಕಂಡಕ್ಟರು ಎರಡು ಸಲ ಗೊಣಗಿದ.

‘ನಿನ್ನ ದೇವರ ರಾಜ್ಯಕ್ಕೂ ಹಿಂಗೇ ಪುಕ್ಕಟೆ ಟಿಕೆಟ್ಟೇನು?’ ಎಂದೆ.

‘ಪುಕ್ಕಟೇನೇ. ಆದ್ರ ಟಿಕೆಟ್ ಇಸ್ಕೊಳ್ಳದೇ ಕುಂತ್ರ ಇಳಸ್ತಾರ’ ಎಂದಳು ಅಕ್ಕ, ಕಿಟಕಿಯ ಕಡೆ ಮುಖ ತಿರುಗಿಸಿ.

ಆಳಂದದ ನಿಲ್ದಾಣದಲ್ಲಿ ಸಮುವೇಲಪ್ಪ ನಮಗಾಗಿ ಕಾಯುತ್ತಿದ್ದರು. ಅರವತ್ತು ದಾಟಿದ ಎತ್ತರದ ಆಳು, ಬಿಳಿ ಅಂಗಿ, ಕೊರಳಿಗೆ ಮಫ್ಲರು. ನಾನು ಯಾಕೆ ಬಂದಿದ್ದೇನೆಂದು ಅಕ್ಕ ಮೊದಲೇ ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಮುಖ ಸಿಂಡರಿಸುತ್ತಾರೆಂದು ಕಾದೆ. ಅವರು ಟ್ರಂಕಿನ ಒಂದು ಹಿಡಿಕೆಗೆ ಕೈ ಹಾಕಿ, ‘ಬರ್ರಿ ಬರ್ರಿ, ತಕರಾರಿನವ್ರು! ನಿಮ್ಮನ್ನ ಕಂಡು ಭಾಳ ಖುಷಿ ಆತು. ಹೋದ ಸಲ ಸೇವಕ ಬಂದಾಗ ಮೂರೂ ಕಡಿ ಮಂದಿ ಸುಮ್ನ ಕುಂತಿದ್ರು. ವರ್ಷ ತುಂಬೂದ್ರಾಗ ಅಂವ ಓಡಿ ಹೋದ’ ಎಂದರು.

ಚಹಾ ಮತ್ತು ಮಿರ್ಚಿ ಭಜಿ ಮುಗಿಸಿ ಟೆಂಪೋ ಹಿಡಿದು ಕಿಣ್ಣಿ ಸುಲ್ತಾನಕ್ಕೆ ಹೋದೆವು. ತೊಗರಿ ರಾಶಿಯ ಕಾಲ. ಹೊಲಗಳಲ್ಲಿ ಯಂತ್ರಗಳು ಓಡುತ್ತಿದ್ದವು. ರಸ್ತೆಯ ಎರಡೂ ಬದಿ ಹೊಟ್ಟಿನ ಧೂಳು ಏಳುತ್ತಿತ್ತು, ಕಣ್ಣು ಬಿಡಲಾಗುತ್ತಿರಲಿಲ್ಲ. ಸಭೆ ಒಬ್ಬರ ಮನೆಯ ಅಂಗಳದಲ್ಲಿ, ದೀಪ ಹಚ್ಚುವ ಹೊತ್ತಿಗೆ. ಹೊಲದಿಂದ ಬಂದ ಹೆಂಗಸರು ಕೈಕಾಲು ತೊಳೆದು, ಸೆರಗಿನಲ್ಲಿ ಸುತ್ತಿ ತಂದ ರೊಟ್ಟಿಗಳನ್ನು ಬಾಗಿಲ ಬಳಿಯ ಒಂದು ದೊಡ್ಡ ಬುಟ್ಟಿಗೆ ಹಾಕಿ ಒಳಗೆ ಬರುತ್ತಿದ್ದರು. ಪ್ರಾರ್ಥನೆಯ ನಂತರ ಎಲ್ಲರೂ ಕೂಡಿ ಉಣ್ಣುವುದು ಈ ಸಭೆಗಳ ರೂಢಿ. ಅದನ್ನು ಪ್ರೀತಿ ಭೋಜನ ಎನ್ನುತ್ತಾರೆ.

ಹಾಡು, ಪ್ರಾರ್ಥನೆ ಆದಮೇಲೆ ಸಮುವೇಲಪ್ಪ ಅಕ್ಕನನ್ನು ಮುಂದೆ ಕೂರಿಸಿ, ‘ಈ ಮಗಳನ್ನ ಸೇವಾಕ್ಕ ಕಳಸಾಕ ಯಾರದರೇ ತಕರಾರು ಅದ ಏನ್ರಿ?’ ಎಂದು ಕೇಳಿದರು. ನಾನು ಎದ್ದು ನಿಂತು, ‘ಮಾನ್ಯ ಅಧ್ಯಕ್ಷರೆ’ ಎಂದೆ. ರೂಢಿಯ ಬಲ, ಬಾಯಿಂದ ಬಂದುಬಿಟ್ಟಿತು. ಕೂತವರೆಲ್ಲ ಹಿಂದೆ ತಿರುಗಿ ಬಾಗಿಲು ನೋಡಿದರು.

‘ಪಂಚಾಯ್ತಿ ಅಧ್ಯಕ್ಷರು ಬಂದ್ರೇನ್ಲೇ?’ ಎಂದಿತು ಒಂದು ದನಿ. ಅಂಗಳ ನಕ್ಕಿತು.

ನಾನು ಬಿಡಲಿಲ್ಲ. ‘ದೇವರ ರಾಜ್ಯ ಹತ್ತಿರ ಬಂದಿದೆ ಎಂದು ಯೇಸು ಹೇಳಿ ಎರಡು ಸಾವಿರ ವರ್ಷವಾಯಿತು. ಇನ್ನೂ ಬಂದಿಲ್ಲ. ಬರುತ್ತದೆ ಎನ್ನುವುದಕ್ಕೆ ಪುರಾವೆ ಇಲ್ಲ. ಇಷ್ಟು ತಡವಾದ ಬಸ್ಸನ್ನು ನಂಬಿ ನನ್ನ ಅಕ್ಕ ಕೈಯಲ್ಲಿರುವ ಕೆಲಸ ಬಿಡಬೇಕೇ?’

ಬಾಬು ಎಂಬ ಟೆಂಪೋ ಚಾಲಕ ಕೂತಲ್ಲಿಂದಲೇ ಹೇಳಿದ: ‘ನೀವು ಬಸ್ಸು ಅಂತೀರಿ, ಅಲ್ಲೇ ತಪ್ಪಾತು ನೋಡ್ರಿ. ಬಸ್ಸಿಗಿ ಆದ್ರ ಕುಂತು ಕಾಯಬೇಕು. ನಮ್ಮೂರಿಗಿ ರಸ್ತಾ ಆಗೂಮಟ ಬಸ್ಸು ಬರ್ಲಿಲ್ಲ. ಮೊದ್ಲು ಮಂದಿ ಕಲ್ಲು ಹಾಕಿದ್ರು, ಆಮ್ಯಾಲ ಅದು ಬಂತು. ಈಕಿ ಕಲ್ಲು ಹಾಕಾಕ ಹೊಂಟಾಳ.’

‘ರಸ್ತೆ ಹಾಕಿದ್ದು ಸರ್ಕಾರ. ಬಜೆಟ್ಟು ಇತ್ತು, ಟೆಂಡರ್ ಆಗಿತ್ತು’ ಎಂದೆ.

‘ಟೆಂಡರ್ ಆಗಿ ಎಷ್ಟ್ ವರ್ಷ ಆತು ಅಂತ ಕೇಳ್ಬ್ಯಾಡ್ರಿ ಮತ್ತ!’ ಎಂದ ಬಾಬು. ಎಲ್ಲರೂ ನಕ್ಕು ಕೈ ಎತ್ತಿದರು. ನನ್ನ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ, ಉಪಮೆಗೆ ಉಪಮೆ ಅಷ್ಟೆ. ಆದರೆ ಉಪಮೆಯನ್ನು ಮೊದಲು ತಂದವನು ನಾನೇ. ನಮ್ಮ ಸ್ಪರ್ಧೆಯ ತೀರ್ಪುಗಾರರೂ ಅಂಕ ಕಳೆಯುತ್ತಿದ್ದರು.

ಊಟಕ್ಕೆ ಕೂರುವಾಗ ಇನ್ನೊಂದು ನಿಯಮ ತಿಳಿಯಿತು. ತಕರಾರು ಎತ್ತಿದವನು, ಯಾರ ಮೇಲೆ ಎತ್ತಿದನೋ ಅವರ ತಾಟಿನಲ್ಲೇ ಉಣ್ಣಬೇಕು. ಮಾತು ಹಗೆಯಾಗಬಾರದೆಂದು ಯಾರೋ ಹಿಂದಿನವರು ಮಾಡಿಟ್ಟದ್ದಂತೆ. ಒಂದೇ ತಾಟಿನಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಅಕ್ಕ ಹಿಂಡಿಯನ್ನೆಲ್ಲ ನನ್ನ ಕಡೆ ಸರಿಸಿದಳು.

‘ನಾಳೆ ಇನ್ನೂ ಗಟ್ಟಿ ಕೇಳು. ಇದು ಭಾಳ ಸಪ್ಪಗಿತ್ತು’ ಎಂದಳು.

‘ಹಿಂಡಿನೋ?’

‘ನಿನ್ನ ತಕರಾರು.’

ಮರುದಿನ ಆಳಂದಕ್ಕೆ ಮರಳಿ ಅಫಜಲಪುರದ ಬಸ್ಸು ಹಿಡಿದೆವು. ಬಸ್ಸು ಪ್ರತಿ ಊರಿಗೂ ನಿಂತಿತು. ಬಿಳಿಜೋಳ ತೆನೆ ಬಿಟ್ಟಿತ್ತು. ಬೆಳಗಿನ ಚಳಿಗೆ ಹೊದ್ದ ಶಾಲನ್ನು ಅಫಜಲಪುರ ಬರುವ ಹೊತ್ತಿಗೆ ಮಡಚಿ ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟು ಬಿಸಿಲಾಯಿತು. ಟ್ರಂಕು ಹೊತ್ತು ಹೊತ್ತು ನನ್ನ ಬಲಗೈ ಬೆರಳು ಕೆಂಪಾಗಿದ್ದವು. ತಿರುಗಿ ಒಯ್ಯಬೇಕಾದ ಸಾಮಾನನ್ನು ಇಷ್ಟು ದೂರ ಹೊತ್ತುಕೊಂಡು ಬರುವುದು ಎಂಥ ಹುಚ್ಚುತನ ಎಂದು ಯೋಚಿಸುತ್ತ ಇನ್ನೊಂದು ಬಸ್ಸಿಗೆ ಅದನ್ನು ಏರಿಸಿದೆ. ಕರಜಗಿಯ ದಾರಿಯಲ್ಲಿ ನೀರಾವರಿ ಶುರುವಾಗುತ್ತದೆ. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ರಸ್ತೆ ತುಂಬಿಕೊಂಡು ಹೋಗುತ್ತಿದ್ದವು, ಅವುಗಳ ಹಿಂದೆ ನಮ್ಮ ಬಸ್ಸು ತೆವಳಿತು.

ಕರಜಗಿಯ ಸಭೆಗೆ ತಗಡಿನ ಮಾಡಿನ ಒಂದು ಕೋಣೆಯಿದೆ. ಇಲ್ಲಿಯೂ ಬಾಗಿಲಲ್ಲಿ ದೊಡ್ಡ ಬುಟ್ಟಿ, ಬಂದವರೆಲ್ಲರ ರೊಟ್ಟಿ ಅದರಲ್ಲೇ. ನಾನೂ ಒಬ್ಬ ಅಜ್ಜಿಯ ಗಂಟು ಇಸಿದುಕೊಂಡು ಬುಟ್ಟಿಗೆ ಸುರಿದೆ. ‘ಭಾಳ ಶಾಣ್ಯಾ ಅದೀ’ ಎಂದು ಅವಳು ನನ್ನ ಗಲ್ಲ ಹಿಂಡಿದಳು. ಸಮುವೇಲಪ್ಪ ಆ ಸಂಜೆ ಹೇಳಿದ್ದು ಶಿಷ್ಯರ ಕರೆಯ ಕತೆ. ಯೇಸು ದಂಡೆಯಲ್ಲಿ ನಡೆದು ಹೋಗುತ್ತಾನೆ, ಮೀನು ಹಿಡಿಯುವವರನ್ನು ಕರೆಯುತ್ತಾನೆ, ಅವರು ಬಲೆಯನ್ನೂ ಅಪ್ಪನನ್ನೂ ದೋಣಿಯಲ್ಲೇ ಬಿಟ್ಟು ಹಿಂದೆ ಹೋಗುತ್ತಾರೆ.

ನನಗೆ ಬೇಕಾದ್ದೇ ಅದು. ಎದ್ದು ಕೇಳಿದೆ: ‘ಆ ಅಪ್ಪನ ಗತಿ ಏನಾಯಿತು ಎಂದು ಯಾರಾದರೂ ಕೇಳಿದ್ದೀರಾ? ಬಲೆ ಎಳೆಯುತ್ತಿದ್ದ ಮುದುಕನನ್ನು ನಡುನೀರಲ್ಲಿ ಬಿಟ್ಟು ಹೋಗುವುದು ಒಳ್ಳೆಯ ಕೆಲಸವೇ? ತಂದೆ ತಾಯಿಯನ್ನು ಬಿಡು ಎಂದು ಕರೆಯುವ ಕರೆ, ಕರೆಯಲ್ಲ, ಕಸಿದುಕೊಳ್ಳುವುದು. ನನ್ನ ಅವ್ವ ಬಾಗಿಲಲ್ಲಿ ನಿಂತಿದ್ದಾಳೆ. ಅವಳಿಗೆ ಜವಾಬು ಕೊಡಿ.’

ಈ ಸಲ ಯಾರೂ ನಗಲಿಲ್ಲ. ಅಕ್ಕ ತಲೆ ಬಗ್ಗಿಸಿದಳು. ಗೆದ್ದೆ ಎಂದುಕೊಂಡೆ. ಆಗ ಹಿಂದಿನ ಸಾಲಿನಿಂದ ಕಾಶಮ್ಮ ಎಂಬ ನಡುವಯಸ್ಸಿನ ಹೆಂಗಸು, ಮಗ್ಗುಲಲ್ಲಿ ಮಲಗಿದ್ದ ಮೊಮ್ಮಗುವಿನ ಮೇಲೆ ಸೆರಗು ಹೊದಿಸುತ್ತ, ‘ತಮ್ಮಾ, ಒಂದ್ ಮಾತು ಕೇಳ್ಲಿ?’ ಎಂದಳು.

‘ಕೇಳ್ರಿ.’

‘ನಾ ಸೊಲ್ಲಾಪುರದ ಕಡಿಯಾಕಿ. ಇಲ್ಲಿಗಿ ಹ್ಯಾಂಗ ಬಂದೆ?’

‘ಮದುವೆಯಾಗಿ.’

‘ಅಪ್ಪ-ಅವ್ವನ ಎಲ್ಲಿ ಬಿಟ್ಟು ಬಂದೆ? ಅಲ್ಲೇ, ಬಾಗಿಲದಾಗ. ಅವ್ವ ಅಳಕೋತ ನಿಂತಿದ್ಲು. ನಮ್ಮ ತಮ್ಮ ಏನ್ ಮಾಡಿದ ಗೊತ್ತದೇನು? ತಕರಾರು ಎತ್ತಲಿಲ್ಲ. ಪೆಟಗಿ ಹೊತ್ತು ಗಾಡಿಗಿ ಇಟ್ಟ. ಈ ಮನ್ಯಾಗ ಕುಂತ ಒಬ್ಬೊಬ್ಬ ಹೆಣ್ಮಗಳೂ ಹಂಗೇ ಬಂದಾಕಿ. ಗಂಡಗ ರೊಟ್ಟಿ ಮಾಡಾಕ ಹೊಂಟ್ರ ಮಂಗಳ ಅಂತೀರಿ, ದೇವರಿಗಿ ಅಂತ ಹೊಂಟ್ರ ಕಸಗೊಂಡ್ರು ಅಂತೀರಿ.’

ನಾನು ತಡೆದೆ. ‘ಅದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಮದುವೆಗೆ ಎಲ್ಲರ ಒಪ್ಪಿಗೆ ಇರುತ್ತದೆ.’

‘ಎಲ್ಲಾರ್ದೂ ಇತ್ತಪ್ಪ, ನಂದೊಂದು ಬಿಟ್ಟು’ ಎಂದಳು ಕಾಶಮ್ಮ. ‘ಈಕಿದರಾಗ ಈಕಿ ಒಪ್ಪಿಗಿನಾದ್ರೂ ಅದ.’

ಹೆಂಗಸರ ಕಡೆಯಲ್ಲಿ ಕೆಲವರು ಎರಡೆರಡು ಕೈ ಎತ್ತಿದರು. ಎಣಿಸುವ ಗೋಜಿಗೆ ಸಮುವೇಲಪ್ಪ ಹೋಗಲಿಲ್ಲ. ಆ ಸಂಜೆಯೂ ಅಕ್ಕನ ತಾಟಿನಲ್ಲೇ ಉಂಡೆ. ಟ್ರಂಕು ಗೋಡೆಗೆ ಒರಗಿತ್ತು. ಅದನ್ನು ಕಲಬುರಗಿಯಿಂದ ಇಲ್ಲಿಯವರೆಗೆ ಹೊತ್ತು ತಂದವನು ಯಾರು ಎಂದು ಕಾಶಮ್ಮ ಕೇಳದಿದ್ದುದೇ ಪುಣ್ಯ.

ಸೋತಷ್ಟೂ ನನ್ನ ಹಟ ಗಟ್ಟಿಯಾಯಿತು. ಉಳಿದದ್ದು ಮೂರನೆಯ ಊರು, ಮೂರನೆಯ ತಕರಾರು. ಯೇಸು ಹೇಳಿದ ದ್ರಾಕ್ಷಿ ತೋಟದ ಕತೆಯ ಮೇಲೆ ಅದು ನಿಂತಿತ್ತು. ಬೆಳಿಗ್ಗೆ ಬಂದವನಿಗೂ ಸಂಜೆ ಬಂದವನಿಗೂ ಯಜಮಾನ ಒಂದೇ ಕೂಲಿ ಕೊಟ್ಟನಂತೆ, ದೇವರ ರಾಜ್ಯ ಹಾಗಿದೆಯಂತೆ. ಕೂಲಿಕಾರರ ಸಭೆಯಲ್ಲಿ ಇದನ್ನು ಎತ್ತಿದರೆ ಯಾರು ತಾನೇ ಯಜಮಾನನ ಪರ ನಿಂತಾರು? ಭಾನುವಾರ ನಸುಕಿನಲ್ಲಿ ಹೊರಟು, ಅಫಜಲಪುರದಲ್ಲಿ ಬಸ್ಸು ಬದಲಿಸಿ ಗಾಣಗಾಪುರ ಮುಟ್ಟುವವರೆಗೂ ಅದನ್ನೇ ಮಸೆಯುತ್ತಿದ್ದೆ.

ಗಾಣಗಾಪುರದಲ್ಲಿ ದತ್ತನ ಭಕ್ತರ ಗದ್ದಲ. ಮರಾಠಿ ಮಾತು, ಒದ್ದೆ ಬಟ್ಟೆ, ಲಾಡ್ಜಿನ ಏಜೆಂಟರು. ಮುಂದಿನ ಬಸ್ಸಿಗೆ ಕಾಯುತ್ತ ಚಹಾದಂಗಡಿಯ ಬೆಂಚಿನ ಮೇಲೆ ನಾನೂ ಅಕ್ಕನೂ ಮತ್ತೆ ವಾದಕ್ಕೆ ಬಿದ್ದೆವು. ಪಕ್ಕದಲ್ಲಿ ಚಾದರದ ಗಂಟು ಇಟ್ಟುಕೊಂಡು ಕೂತಿದ್ದ ಮುದುಕ ಮುಸಲ್ಮಾನ ವ್ಯಾಪಾರಿಯೊಬ್ಬರು ಬಸಿಯಲ್ಲಿ ಚಹಾ ಆರಿಸುತ್ತ ಎಲ್ಲವನ್ನೂ ಕೇಳಿಸಿಕೊಂಡರು.

‘ವಕೀಲ್ ಸಾಬ್,’ ಎಂದರು ಕೊನೆಗೆ, ‘ಜಗಳಾಡಿ ಬಹೆನ್‌ನ ಮನಿಗಿ ಒಯ್ದ್ರಿ ಅಂತ ತಿಳ್ಕೋರಿ. ಆಕಿ ಮನ್ಯಾಗ ಕುಂತಿರ್ತಾಳ. ದಿಲ್ ಎಲ್ಲಿ ಇರ್ತದ?’

‘ಅದು ಆಮೇಲಿನ ಪ್ರಶ್ನೆ’ ಎಂದೆ.

‘ಹೌದ್ರಿ, ಹೌದ್ರಿ. ಚಹಾ ಆರ್ತದ, ಕುಡೀರಿ’ ಎಂದರು.

ಭೀಮೆಯ ಸೇತುವೆ ದಾಟಿದಾಗ ಮಂಜು ಇನ್ನೂ ನೀರಿನ ಮೇಲಿತ್ತು. ಆಚೆ ದಂಡೆಯಲ್ಲಿ ಕಪ್ಪು ಮಣ್ಣು, ಕಡಲೆ ಹೊಲ, ಅಲ್ಲಲ್ಲಿ ಜಾಲಿ. ನಾವು ಇಳಿದ ಊರಿನ ಹೆಸರನ್ನು ಬರೆಯುವುದಿಲ್ಲ. ಕಾರಣ ಮುಂದೆ ಓದಿದರೆ ತಿಳಿಯುತ್ತದೆ. ಸಭೆಯ ಕೋಣೆ ಊರ ಹೊರಗೆ, ಮೇಲಿನ ಓಣಿ ಮತ್ತು ಕೆಳಗಿನ ಓಣಿ ಎಂಬ ಎರಡು ಸಾಲು ಮನೆಗಳ ನಡುವೆ ಇತ್ತು. ಒಂದು ಓಣಿಯಲ್ಲಿ ಬಲಗೈಯವರು, ಇನ್ನೊಂದರಲ್ಲಿ ಎಡಗೈಯವರು. ಎರಡೂ ಜಾತಿಯನ್ನು ಊರು ಒಂದೇ ರೀತಿ ಹೊರಗೆ ಇಟ್ಟಿತ್ತು. ಎರಡೂ ಓಣಿಯಿಂದ ಜನ ಈ ಸಭೆಗೆ ಸೇರಿದ್ದರು. ನಾವು ಯಾವ ಕಡೆಯವರು ಎಂದು ಹೇಳುವುದಿಲ್ಲ. ಹೇಳಿದರೆ ಓದುವ ನೀವು ನನ್ನನ್ನೂ ಒಂದು ಬುಟ್ಟಿಗೆ ಹಾಕುತ್ತೀರಿ.

ಬುಟ್ಟಿಯ ವಿಷಯಕ್ಕೇ ಬರುತ್ತೇನೆ. ಬಾಗಿಲ ಒಳಗೆ ಎರಡು ಬುಟ್ಟಿ ಇದ್ದವು. ಒಂದರ ಮೇಲೆ ಬಿಳಿ ಬಟ್ಟೆ, ಇನ್ನೊಂದರ ಮೇಲೆ ಗೆರೆಗೆರೆಯ ಟವೆಲು. ಎರಡೂ ರೊಟ್ಟಿಯಿಂದ ಅರ್ಧರ್ಧ ತುಂಬಿದ್ದವು. ಎರಡು ಊರಿನಲ್ಲಿ ಕಲಿತ ಶಾಣ್ಯಾತನ ನನ್ನದು. ಒಂದು ಬುಟ್ಟಿ ಸುಮ್ಮನೆ ಜಾಗ ಹಿಡಿದಿದೆಯೆಂದು ಟವೆಲು ತೆಗೆದು ಆ ಬುಟ್ಟಿಯನ್ನು ಎತ್ತಿ ಈ ಬುಟ್ಟಿಗೆ ಸುರಿದೆ.

ಕೋಣೆಯಲ್ಲಿದ್ದವರೆಲ್ಲ ತಿರುಗಿ ನನ್ನ ಕೈ ನೋಡಿದರು. ಏನಾಯಿತೆಂದು ನನಗೆ ತಿಳಿಯಲಿಲ್ಲ. ರೊಟ್ಟಿ ಮುರಿದವೇನೋ ಎಂದು ಬಗ್ಗಿ ನೋಡಿದೆ. ಆಗ ಕೆಳಗಿನ ಓಣಿಯ ಸಂಗಮ್ಮ ಎಂಬ ಮುದುಕಿ, ಮೇಲಿನ ಓಣಿಯ ಲಲಿತಮ್ಮ, ಇಬ್ಬರೂ ಬಂದು ಬುಟ್ಟಿಯ ಎರಡು ಬದಿ ಕೂತರು. ಬೈಯಲಿಲ್ಲ. ಒಂದೊಂದೇ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು ಬೇರೆ ಮಾಡತೊಡಗಿದರು.

‘ಇದು ನಮ್ಮ ಕಡೀದು. ಅಂಚು ನೋಡು, ತೆಳ್ಳಗದ.’

‘ಇದು ನಿಮ್ದು ತಗೋ. ಹಂಚಿನ ಕಲೆ ಅದ.’

‘ಎಳ್ಳು ಹಚ್ಚಿದ್ದು?’

‘ನಮ್ದೇ.’

ಪತ್ತಾರ ಚಿನ್ನ ಬೆಳ್ಳಿ ಬೇರೆ ಮಾಡುವ ಹಾಗೆ ಬೇರೆ ಮಾಡಿದರು. ಜಗಳ ಇಲ್ಲ, ಸಿಟ್ಟಿಲ್ಲ. ಒಂದು ರೊಟ್ಟಿ ಯಾವ ಕಡೆಯದೆಂದು ಇಬ್ಬರಿಗೂ ತಿಳಿಯಲಿಲ್ಲ. ಅದನ್ನು ಹೊರಗೆ ಕಟ್ಟಿದ್ದ ಆಡಿಗೆ ಹಾಕಿ ಬಂದರು. ನಾನು ಅಕ್ಕನ ಮುಖ ನೋಡಿದೆ. ಅವಳು ಆಶ್ಚರ್ಯಪಟ್ಟಿರಲಿಲ್ಲ. ನನ್ನ ದ್ರಾಕ್ಷಿ ತೋಟದ ತಕರಾರು ಅಲ್ಲಿಯೇ ಬಿದ್ದುಹೋಯಿತು.

ಸಮುವೇಲಪ್ಪ ಆ ದಿನ ಔತಣದ ಕತೆ ಹೇಳಿದರು. ಒಬ್ಬ ದೊಡ್ಡ ಊಟ ಮಾಡಿಸುತ್ತಾನೆ, ಕರೆಸಿಕೊಂಡವರು ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ, ಆಗ ಬೀದಿಯಲ್ಲಿ, ಬೇಲಿ ಸಂದಿಯಲ್ಲಿ ಇದ್ದವರನ್ನೆಲ್ಲ ಕರೆತಂದು ಪಂಕ್ತಿಗೆ ಕೂರಿಸುತ್ತಾನೆ. ದೇವರ ರಾಜ್ಯ ಅಂಥದ್ದು. ಹೇಳುವಾಗ ಅವರ ದನಿ ಎರಡು ಊರಿನಲ್ಲಿ ಇದ್ದಷ್ಟು ಏರಲಿಲ್ಲ. ಕತೆ ಮುಗಿಸಿ, ‘ತಕರಾರು ಅದ ಏನ್ರಿ?’ ಎಂದರು.

ನಾನು ಎದ್ದೆ. ಅಧ್ಯಕ್ಷರನ್ನು ಕರೆಯಲಿಲ್ಲ. ನನ್ನ ಬಾಯಿಗೆ ಮನೆಯ ಮಾತೇ ಬಂತು.

‘ನಮ್ಮಕ್ಕ ನಾಳಿಂದ ನೀವು ಕೊಟ್ಟ ರೊಟ್ಟಿ ತಿಂದು ಬದುಕಬೇಕು. ಯಾವ ಬುಟ್ಟೀದು ತಿನ್ಬೇಕು ಹೇಳ್ರಿ.’

ಮೇಲಿನ ಓಣಿಯ ಹಿರಿಯರೊಬ್ಬರು ಕೆಮ್ಮಿ ಹೇಳಿದರು: ‘ಅದು ಮೊದಲಿಂದ ನಡಕೊಂಡು ಬಂದದ್ದು ತಮ್ಮಾ. ಬುಟ್ಟಿ ಎರಡಿದ್ರೇನು, ದೇವರು ಒಬ್ಬನೇ.’

‘ದೇವರು ರೊಟ್ಟಿ ತಿನ್ನೂದಿಲ್ರಿ. ನಮ್ಮಕ್ಕ ತಿಂತಾಳ.’

ಕೆಳಗಿನ ಓಣಿಯ ಒಬ್ಬ ಯುವಕ, ನನ್ನದೇ ವಯಸ್ಸಿನವನು, ಸಿಟ್ಟಿನಿಂದ ಎದ್ದ. ‘ಏಯ್, ನೀ ಶಹರದಾಗ ಕುಂತು ನಾಕು ಪುಸ್ತಕ ಓದಿ ನಮಗ ಬುದ್ಧಿ ಹೇಳಾಕ ಬಂದೀಯೇನು? ಊರಾಗ ಹೋಟೆಲಿನವ್ರು ನಮಗ ಇನ್ನೂ ಹೊರಗೇ ಚಹಾ ಕೊಡ್ತಾರ. ಅಲ್ಲಿ ಹೋಗಿ ಕೇಳು!’

‘ಅಲ್ಲೂ ಕೇಳೂನು, ನೀನೂ ಬಾ. ಆದ್ರ ಆ ಹೋಟೆಲಿನವ್ರು ದೇವರ ರಾಜ್ಯ ಬಂದದ ಅಂತ ಬೋರ್ಡು ಹಾಕಿಲ್ಲ. ನೀವು ಹಾಕೀರಿ. ಅದಕ್ಕ ನಿಮಗ ಕೇಳಾಕತ್ತೇನಿ. ನಾ ನಂಬಾಂವ ಅಲ್ಲ. ನಂಬಾವ್ರು ನೀವು. ಜವಾಬು ಕೊಡ್ರಿ.’

ಅವನು ನಿಂತೇ ಇದ್ದ. ಆಮೇಲೆ ಬುಟ್ಟಿಗಳ ಕಡೆ ನೋಡಿ ಕೂತ. ಹೊರಗೆ ಆಡು ಕೂಗಿತು. ಸಮುವೇಲಪ್ಪ ಎರಡೂ ಕಡೆ ನೋಡಿ, ‘ಜವಾಬು ಆತು ಅನ್ನಾವ್ರು ಕೈ ಎತ್ರಿ’ ಎಂದರು.

ಎತ್ತುತ್ತಾರೆಂದೇ ನಾನು ತಿಳಿದಿದ್ದೆ. ತಮ್ಮ ವಿರುದ್ಧ ತಾವೇ ತೀರ್ಪು ಕೊಡುವ ಕಕ್ಷಿದಾರರನ್ನು ನಾನು ಎಲ್ಲಿಯೂ ಓದಿರಲಿಲ್ಲ. ಗಂಡಸರ ಕಡೆ ನಾಲ್ಕಾರು ಕೈ ಎದ್ದವು. ಸಂಗಮ್ಮನ ಕೈಯೂ ಎದೆಯವರೆಗೆ ಬಂತು. ಅಲ್ಲಿ ನಿಂತಿತು. ಬೆರಳಿಗೆ ಇನ್ನೂ ಜೋಳದ ಹಿಟ್ಟು ಮೆತ್ತಿತ್ತು.

‘ಇಲ್ರಿ ಪಾಸ್ಟರ್’ ಎಂದಳು. ‘ಜವಾಬು ಆಗಿಲ್ಲ. ನಾ ಈಗಷ್ಟ ಆ ರೊಟ್ಟಿ ಆರಿಸಿಟ್ಟು ಬಂದು ಕುಂತೀನಿ. ಅದೇ ಕೈ ಹ್ಯಾಂಗ ಎತ್ಲಿ?’

ಲಲಿತಮ್ಮ ಸಂಗಮ್ಮನನ್ನು ನೋಡಲಿಲ್ಲ, ಆದರೆ ಕೈ ಮಡಿಲಲ್ಲೇ ಇಟ್ಟುಕೊಂಡಳು. ಎದ್ದಿದ್ದ ಕೈಗಳು ಒಂದೊಂದೇ ಇಳಿದವು. ಆ ಹಿರಿಯರದು ಎಲ್ಲಕ್ಕಿಂತ ಕೊನೆಗೆ ಇಳಿಯಿತು.

‘ತಕರಾರು ಬಿದ್ದಿಲ್ಲ, ನಿಂತದ’ ಎಂದರು ಸಮುವೇಲಪ್ಪ. ‘ಈ ಮಗಳ ತಲಿ ಮ್ಯಾಲ ಇವತ್ತು ಕೈ ಇಡಂಗಿಲ್ಲ.’

ನಾನು ಗೆದ್ದಿದ್ದೆ. ಕಪ್ಪು ಕೊಡುವವರು ಯಾರೂ ಇರಲಿಲ್ಲ, ಅಷ್ಟೆ. ಅಕ್ಕನ ಟ್ರಂಕಿನ ಹಿಡಿಕೆ ಹಿಡಿದು, ‘ನಡಿ, ಸಂಜೀ ಬಸ್ಸು ಸಿಗ್ತದ’ ಎಂದೆ. ಸಭೆ ಮುಗಿದಿತ್ತು, ಈಗ ಅವಳು ಮಾತಾಡಬಹುದಿತ್ತು.

‘ಎಲ್ಲಿಗಿ?’ ಎಂದಳು.

‘ಮನಿಗಿ. ತಕರಾರು ನಿಂತದ, ಕೇಳ್ಲಿಲ್ಲೇನು?’

‘ಕೇಳ್ದೆ. ಕೈ ಇಡಂಗಿಲ್ಲ ಅಂದ್ರು. ಇರಬ್ಯಾಡ ಅಂತ ಯಾರ್ ಅಂದ್ರು?’

ನನಗೆ ಸಿಟ್ಟು ಬಂತು. ‘ನಿಂಗ ಇದು ಮೊದಲೇ ಗೊತ್ತಿತ್ತು.’

‘ಗೊತ್ತಿತ್ತು. ಆಸ್ಪತ್ರಿ ಕ್ಯಾಂಪಿನಾಗ ಲಸಿಕಿ ಹಾಕಾಕ ಬಂದಾಗೇ ನೋಡಿದ್ದೆ. ಬ್ಯಾರೆ ಊರು ಕೊಡ್ತೇನಿ ಅಂದ್ರು ಪಾಸ್ಟರ್. ಇದೇ ಬೇಕು ಅಂದೆ.’

‘ಯಾವ ಹೆಸರಿಲೆ ಇರ್ತಿ? ಸೇವಕಿನೂ ಅಲ್ಲ, ನರ್ಸೂ ಅಲ್ಲ.’

‘ಹೆಸರು ಇಲ್ದೇ ಇರ್ತೇನಿ’ ಎಂದಳು. ‘ಜವಾಬು ಆಗೂಮಟ ಇವ್ರ ರೊಟ್ಟಿ ನಾ ತಿನ್ನಂಗಿಲ್ಲ. ನಾನೇ ಬಡೀತೇನಿ. ಬಡದಿದ್ದು ಎರಡೂ ಓಣಿಗಿ ಒಯ್ತೇನಿ. ಯಾರು ತಗೋತಾರ ನೋಡೂನು.’

ದನಿ ಏರಿಸದೆ ಹೇಳಿದಳು. ಈ ದನಿ ನನಗೆ ಗೊತ್ತು. ನರ್ಸಿಂಗ್ ಓದುತ್ತೇನೆಂದು ಅಪ್ಪನ ಮುಂದೆ ನಿಂತಾಗಲೂ ಹೀಗೇ ಇತ್ತು, ಅಪ್ಪನೇ ಸೋತಿದ್ದ. ನಾನು ಮೂರು ದಿನ ಕರೆಯ ಮೇಲೆ, ರಾಜ್ಯದ ಮೇಲೆ, ದೇವರ ಮೇಲೆ ವಾದ ಮಾಡಿದ್ದೆ. ಅವಳ ಮೇಲೆ ವಾದ ಮಾಡಲು ನನ್ನಲ್ಲಿ ಏನೂ ಇರಲಿಲ್ಲ.

ಸಮುವೇಲಪ್ಪ ಬಂದು ನನ್ನ ಭುಜದ ಮೇಲೆ ಕೈ ಇಟ್ಟರು. ‘ತಕರಾರಿನವ್ರೇ, ಇನ್ನೊಂದು ನೇಮ ಅದ. ಇಲ್ಲಿಮಟ ಯಾವ ತಕರಾರೂ ನಿಂತಿರಲಿಲ್ಲ, ಅದಕ್ಕ ಹೇಳಿರಲಿಲ್ಲ. ನಿಂತ್ರ, ಎತ್ತಿದವ್ರು ತಿಂಗಳಾ ಮೊದಲ ಭಾನುವಾರ ಬಂದು, ಜವಾಬು ಆತೇನು ಅಂತ ಕೇಳಬೇಕು.’

‘ನಾ ನಂಬಂಗಿಲ್ಲ ಅಂತ ಹೇಳೀನಲ್ರಿ.’

‘ನಂಬ್ರಿ ಅಂತ ಯಾರ್ ಅಂದಾರ? ಕೇಳ್ರಿ ಅಂದೇನಿ. ನೀವು ಕೇಳೂದು ಬಿಟ್ರ, ಇವ್ರು ಮರೀತಾರ. ನಾನೂ ಮರೀತೇನಿ. ಹತ್ತು ವರ್ಷ ಮರ್ತೇ ಇದ್ದೆ.’

ಊಟಕ್ಕೆ ಎಲ್ಲರೂ ಕೂತರು. ಮೇಲಿನ ಓಣಿಯವರು ಬಿಳಿ ಬಟ್ಟೆಯ ಬುಟ್ಟಿಯಿಂದ, ಕೆಳಗಿನವರು ಟವೆಲಿನ ಬುಟ್ಟಿಯಿಂದ. ಏನೂ ಬದಲಾಗಲಿಲ್ಲ, ಬದಲಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಉಣ್ಣುವಾಗ ಮಾತು ಮಾತ್ರ ಕಡಿಮೆ ಇತ್ತು. ಅಕ್ಕ ಪಕ್ಕದ ಕೋಣೆಯಲ್ಲಿ ಒಲೆ ಹಚ್ಚಿದಳು. ಟ್ರಂಕಿನಿಂದ ಹಿಟ್ಟಿನ ಚೀಲ ತೆಗೆದಳು. ಅದಕ್ಕೇ ಅದು ಅಷ್ಟು ಭಾರ ಇತ್ತು. ಮೊದಲ ರೊಟ್ಟಿ ಬಡಿಯುವಾಗಲೇ ಹರಿಯಿತು. ಎರಡನೆಯದು ನಕಾಶೆಯ ಹಾಗಾಯಿತು. ನಿಯಮದಂತೆ ಆ ಎರಡನ್ನೂ ಅವಳ ತಾಟಿನಲ್ಲೇ ತಿಂದೆ. ಉಪ್ಪೂ ಇರಲಿಲ್ಲ, ಬೆಂದೂ ಇರಲಿಲ್ಲ.

ಬಸ್ಸಿಗೆ ಹೊತ್ತಾಯಿತೆಂದು ಎದ್ದು, ಓಣಿಯ ತಿರುವಿನಲ್ಲಿ ಹಿಂದೆ ನೋಡಿದೆ. ಕೋಣೆಯ ಬಾಗಿಲು ತೆರೆದಿತ್ತು. ಅಕ್ಕ ಮೂರನೆಯದಕ್ಕೆ ಕೈ ಹಚ್ಚಿದ್ದಳು. ಹೊಸ್ತಿಲ ಈ ಬದಿಗೆ ಸಂಗಮ್ಮ, ಆ ಬದಿಗೆ ಲಲಿತಮ್ಮ ನಿಂತಿದ್ದರು. ಒಳಗೆ ಕಾಲಿಟ್ಟಿರಲಿಲ್ಲ.

‘ನೀರು ಜಾಸ್ತಿ ಆತು ಬೇ!’

‘ಇಲ್ಲ, ನಾದಿಲ್ಲ ಆಕಿ. ಇನ್ನಷ್ಟು ನಾದಬೇಕು.’

‘ನೀರೇ ಜಾಸ್ತಿ ಅಂತೇನಿ!’

ಬಸ್ಸು ಸೇತುವೆ ದಾಟುವಾಗ ಅವ್ವನ ಫೋನು ಬಂತು.

‘ಏನಾತು? ಗೆದ್ದ್ಯಾ?’

‘ಗೆದ್ದೆ.’

‘ಯೇಸಪ್ಪಾ! ಆಕಿಗಿ ಕೊಡು ಫೋನು.’

‘ಆಕಿ ಇಲ್ಲವ್ವ. ಅಲ್ಲೇ ಅದಾಳ. ರೊಟ್ಟಿ ಬಡಿಯಾಕತ್ತಾಳ.’

‘ಆಕಿಗಿ ರೊಟ್ಟಿ ಬಡಿಯಾಕ ಎಲ್ಲಿ ಬರ್ತದೋ’ ಎಂದಳು ಅವ್ವ.

‘ಬರಂಗಿಲ್ಲ. ತಿಂದೀನಿ’ ಎಂದೆ.

ಅವಳು ಫೋನು ಇಟ್ಟ ಮೇಲೆ ಕಂಡಕ್ಟರನನ್ನು ಕರೆದು, ಭಾನುವಾರ ಬೆಳಿಗ್ಗೆ ಅಕ್ಕ ಉಳಿದ ಊರಿಗೆ ಮೊದಲ ಬಸ್ಸು ಎಷ್ಟಕ್ಕೆ ಎಂದು ಕೇಳಿದೆ.

‘ಆರೂವರಿಗಿ ಒಂದದ. ಯಾಕ್ರಿ, ಏನರೇ ಮರ್ತು ಬಂದ್ರೇನು?’

‘ಇಲ್ರಿ,’ ಎಂದೆ, ‘ಒಂದು ಜವಾಬು ಬರೂದದ.’